ಪಿಎಫ್ ಪಿಂಚಣಿ ಯಾವಾಗ ಶುರು ಮಾಡಬೇಕು? ಹೊಲ, ಎಮ್ಮೆ, ಸಾಲ ಎಲ್ಲಾ ಇರುವ ಮನೆಗೆ ಒಂದು ಲೆಕ್ಕ

ಮೃಗಶಿರಾ ಮಳೆ ಹಿಡಿದ ವಾರ. ನಮ್ಮ ಕಾಕಾ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕು, ಪಗಾರ ಚೀಟಿ, ಝೆರಾಕ್ಸ್ ಎಲ್ಲಾ ತುಂಬಿಕೊಂಡು ಬಂದು ಕಟ್ಟೆ ಮೇಲೆ ಕೂತರು. ಮುಧೋಳ ತಾಲೂಕಿನ ನಮ್ಮೂರಿನ ಸುತ್ತ ಕಬ್ಬೇ ಕಬ್ಬು. ಮನೆಗೊಬ್ಬರಾದರೂ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು ಸಿಗುತ್ತಾರೆ. ಕಾಕಾ 2001ರಲ್ಲಿ ಸೇರಿ 2024ರಲ್ಲಿ ಮೊಣಕಾಲು ಕೈಕೊಟ್ಟಿತೆಂದು ಕೆಲಸ ಬಿಟ್ಟವರು. ವಯಸ್ಸು 54.

“ಈಗ ತಗೊಂಡ್ರ ಪಿಂಚಣಿ ಕಟ್ಟಾಗತೈತಂತ. 58ರ ತನಕಾ ಕಾಯ್ದ್ರ ಪೂರ್ತಿ ಬರತೈತಂತ. 60ಕ್ಕ ಇನ್ನೂ ಜಾಸ್ತಿ ಅಂತ. ನೀ ಏನಂತಿ?”

ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಕಾಯಿ, ಕಾಯ್ದರೆ ಲಾಭ. ನಾನೂ ಹಾಗೇ ಅಂದುಕೊಂಡಿದ್ದೆ. ಕಾಗದ ತೆಗೆದು ಕೂಡಿಸಿ ಕಳೆದು ನೋಡಿದಾಗ ಮಾತು ಅಷ್ಟು ಸುಲಭವಿಲ್ಲ ಅಂತ ಗೊತ್ತಾಯಿತು. ಅವತ್ತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದು ಸರ್ಕಾರಿ ನೌಕರರಿಗಲ್ಲ. ಸಕ್ಕರೆ ಕಾರ್ಖಾನೆ, ಮಿಲ್ಲು, ಬೆಳಗಾವಿಯ ಫೌಂಡ್ರಿ, ಗಾರ್ಮೆಂಟ್ಸ್, ಸಿಮೆಂಟ್ ಫ್ಯಾಕ್ಟರಿ, ಹೀಗೆ ಪಿಎಫ್ ಹಿಡಿಯುವ ಕಡೆ ದುಡಿದವರಿಗೆ.

ಪಿಎಫ್ ಗಂಟು ಬೇರೆ, ಪಿಂಚಣಿ ಬೇರೆ

ಗೊಂದಲ ಶುರುವಾಗುವುದೇ ಇಲ್ಲಿ. ನಿಮ್ಮ ಪಗಾರದಿಂದ ಶೇ 12 ಹಿಡಿಯುತ್ತಾರೆ. ಅದು ಪೂರ್ತಿ ಪಿಎಫ್ ಖಾತೆಗೆ ಹೋಗುತ್ತದೆ. ಮಾಲೀಕರೂ ಶೇ 12 ಹಾಕುತ್ತಾರೆ, ಆದರೆ ಅದು ಎರಡು ಪಾಲಾಗುತ್ತದೆ. ಶೇ 8.33 ಪಿಂಚಣಿ ನಿಧಿಗೆ, ಉಳಿದದ್ದು ಪಿಎಫ್‌ಗೆ. ಪಿಂಚಣಿಗೆ ಹೋಗುವ ಪಾಲಿಗೆ ಪಗಾರದ ಮಿತಿ 15,000 ರೂಪಾಯಿ. ಹಾಗಾಗಿ ತಿಂಗಳಿಗೆ 1,250 ರೂಪಾಯಿಗಿಂತ ಜಾಸ್ತಿ ಅಲ್ಲಿಗೆ ಹೋಗುವುದಿಲ್ಲ.

ಪಿಎಫ್ ಎಂದರೆ ಗಂಟು. ಬಡ್ಡಿ ಸೇರಿ ಒಮ್ಮೆಲೆ ಕೈಗೆ ಬರುತ್ತದೆ. 2024–25ಕ್ಕೆ ಬಡ್ಡಿ ಶೇ 8.25 ಇತ್ತು. ಪಿಂಚಣಿ ಎಂದರೆ 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ನೌಕರರ ಪಿಂಚಣಿ ಯೋಜನೆ, ಜನ ಇಪಿಎಸ್ 95 ಅನ್ನುತ್ತಾರಲ್ಲ ಅದು. ಜೀವ ಇರುವವರೆಗೆ ತಿಂಗಳು ತಿಂಗಳು ಬರುತ್ತದೆ. ಎರಡನ್ನೂ ಒಂದೇ ದಿನ ತಗೊಳ್ಳಬೇಕೆಂಬ ನಿಯಮವಿಲ್ಲ. ಇದನ್ನು ನೆನಪಿಡಿ, ಮುಂದೆ ಇದೇ ಕೆಲಸಕ್ಕೆ ಬರುತ್ತದೆ.

ಸರ್ವಿಸ್ ಎಣಿಸಿ, ಬಾಯಿಮಾತಿನಲ್ಲಿ ಅಲ್ಲ

ಪಿಂಚಣಿಗೆ ಕನಿಷ್ಠ 10 ವರ್ಷ ಸರ್ವಿಸ್ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಉಳಿದರೆ ಒಂದು ವರ್ಷ ಎಂದು ಹಿಡಿಯುತ್ತಾರೆ. ನಮ್ಮ ಓಣಿಯ ಅಕ್ಕ ಒಬ್ಬರು ಗಾರ್ಮೆಂಟ್ಸ್‌ನಲ್ಲಿ 9 ವರ್ಷ 7 ತಿಂಗಳು ದುಡಿದು, ಹತ್ತು ತುಂಬಲಿಲ್ಲ ಅಂತ ಕೈಚೆಲ್ಲಿ ಕೂತಿದ್ದರು. ಅವರದು ಹತ್ತೇ ಆಗುತ್ತದೆ.

ಕಾರ್ಖಾನೆಯವರಿಗೆ ಇನ್ನೊಂದು ಮಾತು. ಕಬ್ಬು ಅರೆಯುವ ಹಂಗಾಮಿನಲ್ಲಿ ಮಾತ್ರ ದುಡಿಯುವ ಸೀಸನಲ್ ಕಾರ್ಮಿಕರು ನಮ್ಮ ಭಾಗದಲ್ಲಿ ಬಹಳ. ವರ್ಷಕ್ಕೆ ಐದಾರು ತಿಂಗಳು ಕೆಲಸ, ಉಳಿದದ್ದು ಹೊಲ. ಇಂಥ ಹಂಗಾಮಿನ ಕಾರ್ಖಾನೆಯಲ್ಲಿ ಒಂದು ವರ್ಷದಲ್ಲಿ ಎಷ್ಟೇ ತಿಂಗಳು ದುಡಿದರೂ, ಪಿಂಚಣಿಗೆ ಅದು ಪೂರ್ತಿ ವರ್ಷ. ‘ನಂದು ಅರ್ಧ ಸರ್ವಿಸ್’ ಅಂತ ಯಾರೂ ತಮ್ಮ ಲೆಕ್ಕ ತಾವೇ ಕಡಿಮೆ ಮಾಡಿಕೊಳ್ಳಬೇಡಿ.

ಕೆಲಸ ಬಿಟ್ಟಾಗಲೆಲ್ಲ ‘ಪಿಎಫ್ ಬಿಡಿಸಿಕೊಡ್ತೀನಿ’ ಅನ್ನುವ ಏಜೆಂಟರು ಹತ್ತಿರ ಬರುತ್ತಾರೆ. ಹತ್ತು ವರ್ಷ ತುಂಬದಿದ್ದರೆ ಫಾರ್ಮ್ 10ಸಿ ಹಾಕಿ ಪಿಂಚಣಿ ಪಾಲನ್ನೂ ತೆಗೆದುಬಿಡಬಹುದು. ತೆಗೆದರೆ ಆ ವರ್ಷಗಳು ಅಳಿಸಿಹೋದವು ಎಂದೇ ತಿಳಿಯಿರಿ. ಮುಂದಿನ ಕಾರ್ಖಾನೆಯಲ್ಲಿ ಮತ್ತೆ ಸೊನ್ನೆಯಿಂದ ಶುರು. ನನ್ನ ಮಾವನ ಮಗ ಮೂರು ಕಡೆ ದುಡಿದ, ಮೂರು ಸಲವೂ ತೆಗೆದ. ಒಟ್ಟು 16 ವರ್ಷ ಬೆವರು ಸುರಿಸಿ ಪಿಂಚಣಿ ಇಲ್ಲ. ಅದೇ 10ಸಿ ಫಾರ್ಮಿನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ಸರ್ವಿಸನ್ನು ಕಾಯ್ದಿಡುವ ಚೀಟಿ. ಹೊಸ ಕೆಲಸ ಸಿಕ್ಕಿದ್ದರೆ ಹಳೇ ಖಾತೆಯನ್ನು ಅಲ್ಲಿಗೆ ವರ್ಗ ಮಾಡಿಸಿ. ಹತ್ತು ತುಂಬಿದ ಮೇಲೆ ಪಿಂಚಣಿ ಪಾಲನ್ನು ಗಂಟಾಗಿ ತೆಗೆಯಲು ಬರುವುದಿಲ್ಲ, ಪಿಂಚಣಿಯಾಗಿಯೇ ತಗೊಳ್ಳಬೇಕು.

ಎಣಿಸುವುದು ಹೇಗೆ? ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆಯಿರಿ. ಬರದಿದ್ದರೆ ಮೊಮ್ಮಗನ ಕೈಗೆ ಕೊಡಿ, ಅವರಿಗೆ ಎರಡು ನಿಮಿಷದ ಕೆಲಸ. ಅದರಲ್ಲಿ ಪಿಂಚಣಿ ಕಾಲಂ ನೋಡಿ. ಪ್ರತಿ ತಿಂಗಳು ರೊಕ್ಕ ಬಿದ್ದಿದೆಯಾ, ಸೇರಿದ ತಾರೀಕು, ಬಿಟ್ಟ ತಾರೀಕು ಸರಿ ಇದೆಯಾ ನೋಡಿ. ಗುತ್ತಿಗೆದಾರನ ಕೈಕೆಳಗೆ ದುಡಿದವರಂತೂ ಇದನ್ನು ಬಿಡಲೇಬಾರದು. ಪಗಾರದಲ್ಲಿ ಹಿಡಿದದ್ದೆಲ್ಲ ಖಾತೆಗೆ ಬಿದ್ದಿರುತ್ತದೆ ಅಂತ ನಂಬಿ ಕೂಡಬೇಡಿ.

ನಿಮ್ಮ ಪಿಂಚಣಿ ಎಷ್ಟು?

ಸೂತ್ರ ಚಿಕ್ಕದು: ಪಗಾರವನ್ನು ಸರ್ವಿಸ್ ವರ್ಷದಿಂದ ಗುಣಿಸಿ, 70ರಿಂದ ಭಾಗಿಸಿ. ಪಗಾರ ಎಂದರೆ ಕೊನೆಯ 60 ತಿಂಗಳ ಸರಾಸರಿ. 15,000ದ ಮಿತಿ ಇದ್ದೇ ಇದೆ.

ಎಲ್ಲರೂ ಎಡವುವುದು ಮಿತಿಯಲ್ಲೇ. 15,000 ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ಕ್ಕೆ. ಅದಕ್ಕೂ ಮೊದಲು 6,500 ಇತ್ತು. ಅದಕ್ಕೆ ಮೊದಲಿನ ಸರ್ವಿಸ್‌ಗೆ 6,500, ನಂತರದ ಸರ್ವಿಸ್‌ಗೆ 15,000 ಎಂದು ಪಾಲು ಮಾಡಿ ಲೆಕ್ಕ ಹಾಕುತ್ತಾರೆ. ಕಾಕಾ ತಮ್ಮ 23 ವರ್ಷವನ್ನೂ 15,000ಕ್ಕೆ ಗುಣಿಸಿ, ಐದು ಸಾವಿರ ಹತ್ತಿರ ಬರುತ್ತದೆ ಅಂತ ಖುಷಿಯಾಗಿದ್ದರು. ನಿಜವಾದ ಲೆಕ್ಕ ಹೀಗೆ: 2014ರವರೆಗೆ 13 ವರ್ಷ, 6,500 × 13 ÷ 70 = 1,207 ರೂಪಾಯಿ. ನಂತರದ 10 ವರ್ಷ, 15,000 × 10 ÷ 70 = 2,143. ಎರಡೂ ಸೇರಿ 3,350. ಕಾಕಾ ಮುಖ ಸಣ್ಣದಾಯಿತು. ಆದರೆ ತಪ್ಪು ಅಂಕಿ ಇಟ್ಟುಕೊಂಡು ತೀರ್ಮಾನ ಮಾಡುವುದಕ್ಕಿಂತ ಇದು ಒಳ್ಳೆಯದು, ಅಲ್ವಾ?

20 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಸರ್ವಿಸ್ ಇದ್ದು 58ಕ್ಕೆ ನಿವೃತ್ತರಾಗುವವರಿಗೆ ಲೆಕ್ಕದಲ್ಲಿ ಎರಡು ವರ್ಷ ಹೆಚ್ಚಿಗೆ ಸೇರಿಸುತ್ತಾರೆ. ಮೊದಲೇ ತಗೊಳ್ಳುವವರು ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ನಾನೂ ಕೆಳಗೆ ಅದನ್ನು ಬಿಟ್ಟೇ ಲೆಕ್ಕ ಮಾಡಿದ್ದೇನೆ. ಪೂರ್ತಿ ಪಗಾರದ ಮೇಲೆ ಹೆಚ್ಚಿನ ಪಿಂಚಣಿಗೆ ಒಪ್ಪಿಗೆ ಕೊಟ್ಟವರ ಲೆಕ್ಕವೂ ಬೇರೆ.

ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಇವತ್ತು 3,350 ಅಂದರೆ ಇಪ್ಪತ್ತು ವರ್ಷ ಬಿಟ್ಟರೂ 3,350. ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ಮಾಡಿದರು. ಆಗ ಆ ಸಾವಿರಕ್ಕೆ ಸಂತೆಯಲ್ಲಿ ಎಷ್ಟು ಚೀಲ ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ, ನೀವೇ ನೋಡಿದ್ದೀರಿ.

ಗೋಡೆ ಕ್ಯಾಲೆಂಡರ್ ಇಳಿಸಿ

ವಯಸ್ಸಿನ ಲೆಕ್ಕಕ್ಕೆ ಮೊದಲು ಮನೆಯ ಲೆಕ್ಕ. ಪೇಟೆಯವರಿಗೆ ತಿಂಗಳಿಗೊಂದು ಪಗಾರ ಇರುತ್ತದೆ. ನಮಗೆ ರೊಕ್ಕ ಬರುವುದು ಮಳೆಯ ಹಾಗೆ, ಬಂದರೆ ಒಮ್ಮೆಲೆ, ಇಲ್ಲದಿದ್ದರೆ ಇಲ್ಲ. ಹಳೇ ಕ್ಯಾಲೆಂಡರ್ ತಗೊಂಡು ಹೋದ ವರ್ಷ ಯಾವ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಅಂತ ಬರೆಯಿರಿ. ಮನೆಯ ಹೆಂಗಸರನ್ನು ಕೂರಿಸಿಕೊಂಡು ಬರೆಯಿರಿ. ಖರ್ಚಿನ ನೆನಪು ಅವರಿಗೇ ಇರುವುದು.

ಕಾಕಾ ಮನೆಯದು ಹೀಗಿತ್ತು. ನವೆಂಬರ್‌ನಲ್ಲಿ ಕಬ್ಬು ಹೋಗುತ್ತದೆ. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಕೊಡಬೇಕೆಂದು ಕಾನೂನು ಹೇಳುತ್ತದೆ, ಆದರೆ ಅವರ ಕೈಗೆ ಬರುವ ಹೊತ್ತಿಗೆ ಸಂಕ್ರಾಂತಿ ದಾಟಿರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಹೊಲ ತುಂಬಾ ಜೋಳ, ಜೇಬು ಖಾಲಿ. ಹಿಂಗಾರಿ ಜೋಳ ಫೆಬ್ರವರಿ, ಮಾರ್ಚ್‌ಗೆ ಮನೆಗೆ ಬರುತ್ತದೆ. ಅದು ಊಟಕ್ಕೆ, ಮಾರುವುದಕ್ಕಲ್ಲ. ಎರಡು ಎಮ್ಮೆ ಹಾಲಿನ ರೊಕ್ಕದಲ್ಲಿ ಕಾಯಿಪಲ್ಯೆ, ಚಾಪುಡಿ, ಎಣ್ಣೆ ಸಾಗುತ್ತದೆ. ಜೂನ್ ಬಂತೆಂದರೆ ಬೀಜ, ಗೊಬ್ಬರ, ಮೊಮ್ಮಕ್ಕಳ ಸಾಲಿ ಫೀ, ಕಾರಹುಣ್ಣಿಮೆ ಖರ್ಚು ಎಲ್ಲಾ ಒಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ತಗ್ಗು. ಮೊಣಕಾಲಿನ ಔಷಧಿ ಮಾತ್ರ ಪ್ರತಿ ತಿಂಗಳು.

ಕ್ಯಾಲೆಂಡರ್ ತುಂಬಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಆ ತಗ್ಗನ್ನು ಕಾಕಾ ತುಂಬುತ್ತಿದ್ದದ್ದು ಪಿಎಫ್ ಗಂಟಿನಿಂದ. ತಿಂಗಳಿಗೆ ಮೂರು, ನಾಲ್ಕು ಸಾವಿರ ಹಾಗೇ ಕರಗುತ್ತಿತ್ತು. ಪಿಂಚಣಿ ಜಾಸ್ತಿ ಬರಲಿ ಅಂತ ಕಾಯುತ್ತಾ, ಇನ್ನೊಂದು ಕಡೆ ಗಂಟು ಬಿಚ್ಚಿ ತಿನ್ನುತ್ತಿದ್ದರು. ಇದನ್ನು ಕಾಯುವುದು ಅನ್ನಲು ಬರುವುದಿಲ್ಲ.

50, 58, 60: ತೂಗಿ ನೋಡುವುದು

58ಕ್ಕೆ ಪೂರ್ತಿ ಪಿಂಚಣಿ. 50 ದಾಟಿದವರು, ಪಿಎಫ್ ಇರುವ ಕಡೆ ಈಗ ಕೆಲಸದಲ್ಲಿ ಇಲ್ಲದಿದ್ದರೆ, ಮೊದಲೇ ತಗೊಳ್ಳಬಹುದು. ಹಾಗೆ ತಗೊಂಡರೆ 58ಕ್ಕೆ ಕಡಿಮೆ ಬೀಳುವ ಒಂದೊಂದು ವರ್ಷಕ್ಕೆ ಶೇ 4 ಕಡಿತ. ಈ ಕಡಿತ ಕೊನೆಯವರೆಗೂ ಇರುತ್ತದೆ, 58 ತುಂಬಿದ ಮೇಲೆ ವಾಪಸ್ ಬರುವುದಿಲ್ಲ. 58 ದಾಟಿದರೂ ಬೇಡ ಅಂತ 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4 ಜಾಸ್ತಿ.

ಕಾಕಾ ಲೆಕ್ಕ ನೋಡೋಣ. 58ಕ್ಕೆ 3,350. ಈಗ 54ಕ್ಕೆ ಶುರು ಮಾಡಿದರೆ ನಾಲ್ಕು ವರ್ಷಕ್ಕೆ ಶೇ 16 ಕಡಿತ, ಕೈಗೆ ಸುಮಾರು 2,814. ತಿಂಗಳಿಗೆ 536 ನಷ್ಟ. ಆದರೆ 58 ಆಗುವುದರೊಳಗೆ 48 ತಿಂಗಳು ಪಿಂಚಣಿ ಬಂದಿರುತ್ತದೆ. 48 × 2,814 ಅಂದರೆ ಸುಮಾರು 1,35,000 ರೂಪಾಯಿ ಮೊದಲೇ ಕೈಗೆ. ಕಾಯ್ದವನು ತಿಂಗಳಿಗೆ 536ರಂತೆ ಇದನ್ನು ಸರಿಗಟ್ಟಲು 252 ತಿಂಗಳು ಬೇಕು. ಅಂದರೆ 21 ವರ್ಷ. ಕಾಕಾಗೆ 79 ಆದ ಮೇಲಷ್ಟೇ ‘ಕಾಯ್ದದ್ದು ಲಾಭವಾಯಿತು’ ಅನ್ನಬಹುದು!

ಪಿಂಚಣಿ ಮೊತ್ತ ಎಷ್ಟೇ ಇರಲಿ, ಈ ವಯಸ್ಸು ಬದಲಾಗುವುದಿಲ್ಲ. 57ಕ್ಕೆ ಶುರು ಮಾಡಿದರೆ ಸರಿಸಮ ಆಗುವುದು 82ಕ್ಕೆ. 54ಕ್ಕೆ ಮಾಡಿದರೆ 79. 50ಕ್ಕೇ ಮಾಡಿದರೆ 75. ಬಡ್ಡಿ, ತುಟ್ಟಿ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಮುಂದೆ ಹೋಗುತ್ತದೆ. ಯಾಕೆಂದರೆ ಮೊದಲು ಬಂದ ರೂಪಾಯಿಗೆ ಬೆಲೆ ಜಾಸ್ತಿ.

ಹಾಗಾದರೆ ಎಲ್ಲರೂ 50ಕ್ಕೇ ತಗೊಳ್ಳಿ ಅಂತಲೇ? ಅಲ್ಲ. ಈ ಲೆಕ್ಕ ಕೆಲಸ ಬಿಟ್ಟು ಕೂತವರಿಗೆ ಮಾತ್ರ. ಕೆಲಸದಲ್ಲಿ ಇರುವವರು ಪಿಂಚಣಿ ಆಸೆಗೆ ರಾಜೀನಾಮೆ ಕೊಡುವುದು ಹುಚ್ಚು. ಪಗಾರ ನಿಲ್ಲುತ್ತದೆ. ಅದರ ಜೊತೆಗೆ ಸರ್ವಿಸೂ ನಿಲ್ಲುತ್ತದೆ. 15,000ಕ್ಕಿಂತ ಜಾಸ್ತಿ ಪಗಾರ ಇರುವವರಿಗೆ ಒಂದೊಂದು ವರ್ಷ ಪಿಂಚಣಿಗೆ ತಿಂಗಳಿಗೆ 214 ರೂಪಾಯಿ ಸೇರಿಸುತ್ತದೆ. 19 ವರ್ಷ ಸರ್ವಿಸ್ ಆಗಿರುವವರು ಇನ್ನೊಂದು ವರ್ಷ ತಡೆದುಕೊಂಡರೆ, ಮೇಲೆ ಹೇಳಿದ ಎರಡು ವರ್ಷ ಹೆಚ್ಚಿಗೆ ಸೇರಲು ಬೇಕಾದ 20ರ ಗೆರೆ ಮುಟ್ಟುತ್ತಾರೆ, ಅದೂ ನೆನಪಿರಲಿ.

60ರವರೆಗೆ ಮುಂದೂಡುವುದು? ನನ್ನ ಮಾವ ಇನ್ನೂ ಕೆಲಸದಲ್ಲಿದ್ದಾರೆ, ಬರುವ ವರ್ಷ 58. ಅವರ ಪಿಂಚಣಿ 3,500 ಅಂತ ಇಟ್ಟುಕೊಳ್ಳಿ. ಎರಡು ವರ್ಷ ಸುಮ್ನೆ ಮುಂದೂಡಿದರೆ 84,000 ಬಿಟ್ಟು, ಆಮೇಲೆ ತಿಂಗಳಿಗೆ 280 ಜಾಸ್ತಿ. ಅದು ಸರಿಹೋಗಲು 25 ವರ್ಷ, ಅಂದರೆ 85ಕ್ಕೆ. ಇದರಲ್ಲಿ ಅರ್ಥವಿಲ್ಲ. ಆದರೆ ಮುಂದೂಡುವ ಎರಡು ವರ್ಷವೂ ಪಿಂಚಣಿ ನಿಧಿಗೆ ರೊಕ್ಕ ಕಟ್ಟುತ್ತಾ ಹೋಗುವ ದಾರಿಯೂ ಇದೆ. ಆಗ ಸರ್ವಿಸ್ ಎರಡು ವರ್ಷ ಬೆಳೆಯುತ್ತದೆ. 3,500ಕ್ಕೆ 428 ಸೇರಿ, ಅದರ ಮೇಲೆ ಶೇ 8 ಸೇರಿ, 4,240 ಆಸುಪಾಸು ಬರುತ್ತದೆ. ಬಿಟ್ಟ ಪಿಂಚಣಿ 84,000, ಪಿಎಫ್‌ಗೆ ಹೋಗಬೇಕಿದ್ದು ಪಿಂಚಣಿಗೆ ಹೋದದ್ದು 30,000, ಎರಡೂ ಹಿಡಿದರೂ 73ರ ಹೊತ್ತಿಗೆ ಸರಿಯಾಗುತ್ತದೆ. 60ರವರೆಗೆ ಕೆಲಸ ಗಟ್ಟಿ ಇದ್ದು, ಮನೆಯಲ್ಲಿ ತಗ್ಗಿಲ್ಲದವರು ಇದನ್ನು ಯೋಚಿಸಬಹುದು. ಮೊದಲು ಕಾರ್ಖಾನೆಯ ಆಫೀಸಿನಲ್ಲಿ ಕೇಳಿ, ಕಟ್ಟಲು ಒಪ್ಪುತ್ತಾರಾ ಅಂತ.

ಒಂದು ತಪ್ಪು ಕಲ್ಪನೆ ಬಹಳ ಜನರಿಗಿದೆ. 58 ಆದರೂ ಕೆಲಸ ಮುಂದುವರಿಸಿದರೆ ಪಿಂಚಣಿ ಇಲ್ಲ ಅಂದುಕೊಳ್ಳುತ್ತಾರೆ. ಇಲ್ಲ, 58 ತುಂಬಿದ ಮೇಲೆ ಪಗಾರ ತಗೊಳ್ಳುತ್ತಲೇ ಪಿಂಚಣಿಯನ್ನೂ ತಗೊಳ್ಳಬಹುದು. ಆಮೇಲೆ ಮಾಲೀಕರ ಪಾಲು ಪೂರ್ತಿ ಪಿಎಫ್‌ಗೇ ಬೀಳುತ್ತದೆ. ಆದರೆ ಪಿಂಚಣಿ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ತಡವಾಗಿ ಹಾಕಿದರೂ 58 ತುಂಬಿದ ಮರುದಿನದಿಂದ ಬಾಕಿ ಸೇರಿಸಿ ಕೊಡುತ್ತಾರೆ.

ಕಾಕೂ ಕೇಳಿದ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಕೇಳುತ್ತಾ ರೊಟ್ಟಿ ಬಡಿಯುತ್ತಿದ್ದ ಕಾಕೂ ಒಂದೇ ಮಾತು ಕೇಳಿದರು: “ಇವರು ಹ್ವಾದಮ್ಯಾಲೆ ನನಗೆಷ್ಟು?”

ನಾವು ಗಂಡಸರು ಇಬ್ಬರೂ ಅದನ್ನು ಮರೆತಿದ್ದೆವು. ಪಿಂಚಣಿದಾರ ತೀರಿಕೊಂಡರೆ ಅವರಿಗೆ ಬರುತ್ತಿದ್ದ ಪಿಂಚಣಿಯ ಅರ್ಧ ಹೆಂಡತಿಗೆ ಬರುತ್ತದೆ, ಕನಿಷ್ಠ 1,000. 25 ವರ್ಷದೊಳಗಿನ ಮಕ್ಕಳಿದ್ದರೆ ಒಂದು ಸಲಕ್ಕೆ ಇಬ್ಬರವರೆಗೆ, ಆ ಅರ್ಧದ ಕಾಲುಭಾಗದಂತೆ ತಲಾ ಸಿಗುತ್ತದೆ. ಗಂಡ ಮೊದಲೇ ತಗೊಂಡು ಪಿಂಚಣಿ ಕಡಿಮೆಯಾಗಿದ್ದರೆ, ಹೆಂಡತಿಯ ಅರ್ಧವೂ ಕಡಿಮೆಯಾದದ್ದರ ಅರ್ಧವೇ. 3,350 ಆಗಿದ್ದರೆ ಕಾಕೂಗೆ 1,675. 2,814 ಆದರೆ 1,407. ತಿಂಗಳಿಗೆ 268 ಕಡಿಮೆ. ಕಾಕೂ ಕಾಕಾಗಿಂತ ಏಳು ವರ್ಷ ಚಿಕ್ಕವರು. ಅವರ ತವರಿನಲ್ಲಿ ಅವ್ವ, ಅಜ್ಜಿ ಇಬ್ಬರೂ 85 ದಾಟಿದವರು. ಸಣ್ಣ ಮಾತಲ್ಲ.

ಇದಕ್ಕೆ ಒಂದು ದಾರಿ ಸಿಕ್ಕಿತು. ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಗೆ ಈಗ ಶೇ 7.4 ಬಡ್ಡಿ. ಒಂದು ಲಕ್ಷ ಇಟ್ಟರೆ ತಿಂಗಳಿಗೆ 616 ರೂಪಾಯಿ ಬಡ್ಡಿ, ಐದು ವರ್ಷಕ್ಕೆ ಅಸಲು ವಾಪಸ್. ಕಾಕೂ ಹೆಸರಿನಲ್ಲಿ ಪಿಎಫ್ ಗಂಟಿನಿಂದ 45,000 ಇಟ್ಟರೆ ಸಾಕು, ಆ 268ರ ತಗ್ಗು ತುಂಬುತ್ತದೆ. ಪಿಂಚಣಿ ಮೊದಲೇ ಶುರುವಾದರೆ ಗಂಟು ಕರಗುವುದು ನಿಲ್ಲುತ್ತದಲ್ಲ, ಅದರಲ್ಲೇ ಇದನ್ನು ಎತ್ತಿಡಬಹುದು. ಕಾಕೂ ಒಂದು ಲಕ್ಷಕ್ಕೆ ಪಟ್ಟು ಹಿಡಿದರು. ಸಿಕ್ಕಿತು.

ಹೆಂಡತಿ ನಿಮಗಿಂತ ತುಂಬಾ ಚಿಕ್ಕವರಿದ್ದು, ಎತ್ತಿಡಲು ಗಂಟೂ ಇಲ್ಲದಿದ್ದರೆ, 50, 51ಕ್ಕೆಲ್ಲ ಅವಸರ ಮಾಡಬೇಡಿ. ಕಾಯುವುದಕ್ಕೆ ನನಗೆ ಕಾಣುವ ಗಟ್ಟಿ ಕಾರಣ ಇದೊಂದೇ.

ಸಾಲ ತೀರಿಸಲೆಂದು ತಗೊಳ್ಳುವುದಾದರೆ

ಸಾಲದಲ್ಲಿ ಎರಡು ಜಾತಿ. ಊರಿನ ಸೊಸೈಟಿಯ ಬೆಳೆಸಾಲಕ್ಕೆ ಅವಧಿಯೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಈ ಶೂನ್ಯ ಬಡ್ಡಿ ಮಿತಿಯನ್ನು 2023ರಲ್ಲಿ ರಾಜ್ಯ ಸರ್ಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇಂಥ ಸಾಲಕ್ಕೆ ಹೆದರಿ ಪಿಂಚಣಿಯನ್ನು ಕಡಿತದಲ್ಲಿ ತಗೊಳ್ಳುವ ಅಗತ್ಯವಿಲ್ಲ. ಕಬ್ಬಿನ ಬಿಲ್ ಬಂದಾಗ ಕಟ್ಟಿ, ಮತ್ತೆ ಎತ್ತಿ.

ಇನ್ನೊಂದು ಕೈಸಾಲ, ನೂರಕ್ಕೆ ಮೂರು ರೂಪಾಯಿ. ತಿಂಗಳಿಗೆ ಮೂರು, ವರ್ಷಕ್ಕೆ 36. ಕಾಕಾಗೆ 60,000 ಹೀಗೆ ಇತ್ತು, ಬಡ್ಡಿಯೇ ತಿಂಗಳಿಗೆ 1,800. ಪಿಂಚಣಿಯಿಂದ ಇದನ್ನು ತೀರಿಸುವುದೆಂದರೆ ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂತೆ. ಅಸಲು ಕದಲುವುದೇ ಇಲ್ಲ. ಇದಕ್ಕೆ ಪಿಎಫ್ ಗಂಟೇ ಸರಿ. ಶೇ 8ರ ಬಡ್ಡಿ ಬರುವ ರೊಕ್ಕ ಇಟ್ಟುಕೊಂಡು ಶೇ 36ರ ಬಡ್ಡಿ ಕಟ್ಟುವವರನ್ನು ನಮ್ಮೂರಲ್ಲೇ ಹತ್ತು ಜನ ತೋರಿಸಬಲ್ಲೆ. ಮೊದಲು ಅದನ್ನು ಮುಗಿಸಿ, ಉಳಿದ ಗಂಟನ್ನು ಮುಟ್ಟಬೇಡಿ. ಕೆಲಸ ಬಿಟ್ಟ ಕೂಡಲೇ ಪಿಎಫ್ ಬಡ್ಡಿ ನಿಲ್ಲುತ್ತದೆ ಅನ್ನುವುದೂ ಸುಳ್ಳು.

ಮಗಳ ಮದುವೆಗೆ ಅಂತ ಪಿಂಚಣಿ ಮೊದಲೇ ತಗೊಳ್ಳುವವರಿಗೆ ಏನು ಹೇಳಲಿ? ತಿಂಗಳಿಗೆ ಮೂರು ಸಾವಿರದಲ್ಲಿ ಮದುವೆ ಆಗುವುದಿಲ್ಲ.

ಬೇರೆ ಯೋಜನೆಗಳಿಗೆ ಪೆಟ್ಟು ಬೀಳುತ್ತದಾ?

ಎಲ್ಲರ ಭಯ ಇದು. ಪಿಎಂ ಕಿಸಾನ್‌ನ ವರ್ಷದ 6,000 ನಿಲ್ಲುವುದು ತಿಂಗಳ ಪಿಂಚಣಿ 10,000 ಅಥವಾ ಜಾಸ್ತಿ ಇದ್ದರೆ. ನಮ್ಮದು ಅಲ್ಲಿಯವರೆಗೆ ಹೋಗುವುದಿಲ್ಲ. ಗೃಹಲಕ್ಷ್ಮಿಯ 2,000 ಕೈತಪ್ಪುವುದು ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಗೆ, ಈ ಪಿಂಚಣಿಯಿಂದಲ್ಲ. ಸಂಧ್ಯಾ ಸುರಕ್ಷಾ ಮಾತ್ರ ಬೇರೆ. 65 ತುಂಬಿದ ಬಡವರಿಗೆ ತಿಂಗಳಿಗೆ 1,200 ಕೊಡುವ ಯೋಜನೆ ಅದು. ಆದರೆ ಬೇರೆ ಪಿಂಚಣಿ ಬರುವವರಿಗೆ ಇಲ್ಲ. ಎರಡೂ ಬರುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಬೇಡಿ.

ಕಾಗದ ಪತ್ರ: ಜೂನ್ 1ರ ಕಾಟ

ನಮ್ಮ ಕಡೆಯ ಹಿರಿಯರಲ್ಲಿ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೆ! ಸಾಲಿಗೆ ಹಾಕುವಾಗ ಮಾಸ್ತರರು ಬರೆದ ತಾರೀಕು ಅದು. ಸಾಲಿ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಕಾರ್ಖಾನೆಯ ರಿಜಿಸ್ಟರಿನಲ್ಲಿ ಮತ್ತೊಂದು. ಪಿಂಚಣಿ ಪೂರ್ತಿ ವಯಸ್ಸಿನ ಮೇಲೆ ನಿಂತಿರುವುದರಿಂದ ಅರ್ಜಿ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಕಾಕಾ ಆಧಾರ್‌ನಲ್ಲಿ ವರ್ಷ ಒಂದು ಆಚೀಚೆ ಇತ್ತು, ಹೆಸರಿನ ಮುಂದೆ ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಸರಿ ಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. ಕಾರ್ಖಾನೆ ಮತ್ತು ಕಾರ್ಮಿಕ ಇಬ್ಬರೂ ಸೇರಿ ಕೊಡುವ ಜಂಟಿ ಘೋಷಣೆ ಅಂತ ಒಂದು ಅರ್ಜಿ ಇದೆ, ತಿದ್ದುಪಡಿ ಅದರ ಮೂಲಕ. ಸಾಲಿ ಬಿಟ್ಟ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳಿ. ನೀವು ಯಾವಾಗ ಪಿಂಚಣಿ ಶುರು ಮಾಡಬೇಕೆಂದಿದ್ದೀರೋ, ಅದಕ್ಕೆ ಒಂದು ವರ್ಷ ಮೊದಲೇ ಇದನ್ನು ಶುರು ಮಾಡಿ. ಕಾರ್ಖಾನೆ ಮುಚ್ಚುವ ಹಾಗೆ ಕಂಡರೆ ಇವತ್ತೇ ಹೋಗಿ. ಮುಚ್ಚಿದ ಮೇಲೆ ಸಹಿ ಹಾಕುವವರು ಸಿಗುವುದು ಕಷ್ಟ.

ಪಿಂಚಣಿ ಅರ್ಜಿಗೆ ಫಾರ್ಮ್ 10ಡಿ, ಪಿಎಫ್ ಗಂಟಿಗೆ ಫಾರ್ಮ್ 19. 10ಡಿ ಜೊತೆ ಗಂಡ ಹೆಂಡತಿಯ ಜೋಡಿ ಫೋಟೋ, ಬ್ಯಾಂಕ್ ಪಾಸ್‌ಬುಕ್, ಆಧಾರ್, ಮಕ್ಕಳ ವಯಸ್ಸಿನ ದಾಖಲೆ ಬೇಕು. ಹೆಂಡತಿಯ ಹೆಸರು ಆಧಾರ್‌ನಲ್ಲಿ ತವರಿನ ಹೆಸರಲ್ಲೇ ಇದ್ದರೆ ಈಗಲೇ ಸರಿ ಮಾಡಿಸಿ. ನಾಳೆ ಆ ಅರ್ಧ ಪಿಂಚಣಿಗೆ ಓಡಾಡುವವರು ಅವರೇ. ನಾಮಿನಿಯನ್ನೂ ಆನ್‌ಲೈನ್‌ನಲ್ಲಿ ತುಂಬಿಬಿಡಿ.

ಆನ್‌ಲೈನ್ ಬರದಿದ್ದರೆ ಗಾಬರಿ ಬೇಡ. ಪಿಎಫ್ ಇಲಾಖೆಯವರು ತಿಂಗಳ 27ಕ್ಕೆ ಜಿಲ್ಲೆ ಜಿಲ್ಲೆಯಲ್ಲಿ ‘ನಿಧಿ ಆಪ್ಕೇ ನಿಕಟ್’ ಅಂತ ಶಿಬಿರ ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಯಾವುದೇ ಜಿಲ್ಲೆಯವರಾಗಲಿ, ಆ ತಿಂಗಳು ಎಲ್ಲಿ ಅಂತ ಕಾರ್ಖಾನೆ ಆಫೀಸಿನಲ್ಲಿ ಕೇಳಿ ಹೋಗಿ. ಎಲ್ಲದರ ಮೂರು ಮೂರು ಝೆರಾಕ್ಸ್ ಇರಲಿ. ಪಿಎಫ್‌ನಲ್ಲಿ ಎಷ್ಟಿದೆ ನೋಡಲು, ಖಾತೆಗೆ ಜೋಡಿಸಿದ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜ್ ಬರುತ್ತದೆ. ಓಟಿಪಿ ಕೇಳಿ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ.

ಶುರುವಾದ ಮೇಲೆ

ಅರ್ಜಿ ಹಾಕಿದ ಮರುತಿಂಗಳೇ ಬರುತ್ತದೆ ಅಂದುಕೊಳ್ಳಬೇಡಿ. ನಾಲ್ಕೈದು ತಿಂಗಳ ಖರ್ಚಿಗೆ ಬೇರೆ ಇಟ್ಟುಕೊಂಡೇ ಹಾಕಿ. ಜೂನ್ ತಗ್ಗಿಗೆ ಪಿಂಚಣಿ ಬೇಕೆಂದರೆ ಕಬ್ಬಿನ ಬಿಲ್ ಕೈಯಲ್ಲಿರುವ ಜನವರಿಯಲ್ಲಿ ಅರ್ಜಿ ಕೊಡುವುದು ಜಾಣತನ.

2025ರ ಜನವರಿಯಿಂದ ಪಿಂಚಣಿ ವ್ಯವಸ್ಥೆ ದೇಶಕ್ಕೆಲ್ಲ ಒಂದೇ ಆಗಿದೆ. ಬ್ಯಾಂಕು ಬದಲಿಸಿದರೂ, ಮಗನ ಜೊತೆ ಪುಣೆಗೆ ಹೋದರೂ ಪಿಂಚಣಿ ದಾಖಲೆಯನ್ನು ಒಂದು ಆಫೀಸಿನಿಂದ ಇನ್ನೊಂದಕ್ಕೆ ವರ್ಗ ಮಾಡಿಸಬೇಕಿಲ್ಲ. ಬದುಕಿದ್ದೇವೆ ಅನ್ನುವ ಜೀವನ್ ಪ್ರಮಾಣ್ ಮಾತ್ರ ವರ್ಷಕ್ಕೊಮ್ಮೆ ಕೊಡಲೇಬೇಕು. ಇದಕ್ಕೆ ನವೆಂಬರ್‌ವರೆಗೆ ಕಾಯಬೇಕಿಲ್ಲ. ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಹೊಲದಲ್ಲಿ ದುಡಿದ ಬೆರಳಿಗೆ ಗೆರೆ ಸವೆದು ಯಂತ್ರ ಹಿಡಿಯದಿದ್ದರೆ, ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ.

ಕಾಕಾ ಕೈಸಾಲ ತೀರಿಸಿ, ಕಾಕೂ ಹೆಸರಿಗೆ ಒಂದು ಲಕ್ಷ ಇಟ್ಟು, ತಾರೀಕು ಸರಿಯಾದ ಮೇಲೆ 10ಡಿ ಹಾಕಿದರು. ಅಷ್ಟೊತ್ತಿಗೆ ಅವರಿಗೆ 55 ತುಂಬಿತ್ತು, ಹಾಗಾಗಿ ಕಡಿತ ಶೇ 16 ಹೋಗಿ ಶೇ 12 ಆಯಿತು. ಜೀವನ್ ಪ್ರಮಾಣ್ ಮರೆಯಬಾರದು ಅಂತ ಅದರ ತಾರೀಕನ್ನು ಕಾರಹುಣ್ಣಿಮೆ ಆಸುಪಾಸಿಗೆ ಇಟ್ಟುಕೊಂಡಿದ್ದಾರೆ. ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ದಿನ ಮೊಮ್ಮಗ ಮನೆಯಲ್ಲೇ ಇರುತ್ತಾನೆ, ಮೊಬೈಲ್ ಅವನ ಕೈಯಲ್ಲೇ ಇರುತ್ತದೆ.